ಡಿಫರೆನ್ಷಿಯಲ್ ಬಿಚ್ಚುವ ಮುನ್ನ ಅಳತೆ ಬರೆದಿಡಿ

ಆಗುಂಬೆ ಘಾಟಿಯ ಒಂದು ಹೇರ್‌ಪಿನ್ ತಿರುವನ್ನು ಹಳೆಯ ಜೀಪು ಸುತ್ತಿ ಇಳಿಯುವಾಗ ಅದರ ಹೊರಬದಿಯ ಹಿಂಚಕ್ರ ಒಳಬದಿಯ ಚಕ್ರಕ್ಕಿಂತ ಸುಮಾರು 3.9 ಮೀಟರ್ ಹೆಚ್ಚು ಉರುಳುತ್ತದೆ. ಲೆಕ್ಕ ಸುಲಭ. ಎಡ ಬಲ ಚಕ್ರಗಳ ನಡುವಿನ ಅಂತರ ಸುಮಾರು 1.23 ಮೀಟರ್. ಗಾಡಿ ಅರ್ಧ ಸುತ್ತು ತಿರುಗಿದರೆ ಆ ಅಂತರವನ್ನು 3.14ರಿಂದ ಗುಣಿಸಿದಷ್ಟು ವ್ಯತ್ಯಾಸ. ತಿರುವು ಇಕ್ಕಟ್ಟಾಗಿರಲಿ, ವಿಶಾಲವಾಗಿರಲಿ, ಉತ್ತರ ಅಷ್ಟೇ. ಟೈರಿನ ಸುತ್ತಳತೆ ಸುಮಾರು 2.2 ಮೀಟರ್ ಇರುವುದರಿಂದ ಹೊರಗಿನ ಚಕ್ರ ಒಂದೂಮುಕ್ಕಾಲು ಸುತ್ತು ಹೆಚ್ಚು ಹಾಕಲೇಬೇಕು. ಮುಂದಿನ ತಿರುವು ಎದುರು ದಿಕ್ಕಿಗಿದ್ದರೆ ಪಾಳಿ ಅದಲುಬದಲು. ಎರಡು ಚಕ್ರಗಳನ್ನೂ ಒಂದೇ ಸರಳಿಗೆ ಬಿಗಿದಿದ್ದರೆ ಟೈರು ಉಜ್ಜಿ ಸವೆಯುತ್ತಿತ್ತು, ಇಲ್ಲವೇ ಶಾಫ್ಟು ತಿರುಚಿಕೊಳ್ಳುತ್ತಿತ್ತು.

ಹಾಗಾಗದಂತೆ ನೋಡಿಕೊಳ್ಳುವುದು ಹಿಂದಿನ ಆಕ್ಸೆಲ್ಲಿನ ನಡುವೆ ಗುಂಡಗೆ ಉಬ್ಬಿರುವ ಹೌಸಿಂಗ್‌ನೊಳಗಿನ ಡಿಫರೆನ್ಷಿಯಲ್. ಎಂಜಿನ್ ಬಿಚ್ಚುವ ಧೈರ್ಯವಿದ್ದವರೂ ಇದರ ಹತ್ತಿರ ಹೋಗಲು ಹಿಂಜರಿಯುತ್ತಾರೆ. ಆ ಅಳುಕಿಗೆ ಕಾರಣವಿದೆ. ಇದರೊಳಗಿನ ಭಾಗಗಳು ಕಡಿಮೆ, ಬಿಚ್ಚುವುದೂ ಕಷ್ಟವಲ್ಲ. ಆದರೆ ಬಿಚ್ಚಿದ್ದನ್ನು ಬಿಚ್ಚಿದ ಕ್ರಮದಲ್ಲೇ ತಿರುಗಿ ಜೋಡಿಸಿದ ಮಾತ್ರಕ್ಕೆ ಇದು ಸರಿಹೋಗುವುದಿಲ್ಲ. ಹೊಸ ಬೇರಿಂಗ್, ಹೊಸ ಗೇರು ಎಲ್ಲ ಹಾಕಿಯೂ ಗಾಡಿ ಮೊದಲಿಗಿಂತ ಜೋರಾಗಿ ಊಳಿಡಬಹುದು. ಇಲ್ಲಿ ರಿಪೇರಿ ಎಂದರೆ ಭಾಗ ಬದಲಿಸುವುದಲ್ಲ, ಭಾಗಗಳ ನಡುವಿನ ಅಂತರವನ್ನು ಹೊಂದಿಸುವುದು. ಅದಕ್ಕೆ ದೊಡ್ಡ ಯಂತ್ರಗಳಿಗಿಂತ ಹೆಚ್ಚಾಗಿ ಬಿಡುವು ಮತ್ತು ತಾಳ್ಮೆ ಬೇಕು. ಆದ್ದರಿಂದಲೇ ಇದು ಮನೆಯ ಶೆಡ್ಡಿಗೆ ಹೊಂದುವ ಕೆಲಸ.

ಗುಂಡಿನೊಳಗೆ ಏನಿದೆ

ಮಲೆನಾಡು, ಕೊಡಗಿನ ತೋಟಗಳಲ್ಲಿ ಇಂದಿಗೂ ಓಡುತ್ತಿರುವ ಹಳೆಯ ಮಹೀಂದ್ರಾ ಜೀಪುಗಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅಮೆರಿಕದ ವಿಲ್ಲೀಸ್ ಸಿಜೆ-3ಬಿ ಇವುಗಳ ಮೂಲ. ಅದರ ಜೊತೆಗೇ ಸ್ಪೈಸರ್ ವಿನ್ಯಾಸದ ಹಿಂದಿನ ಆಕ್ಸೆಲ್ಲೂ ಬಂತು. ಡಾನಾ 44 ಎಂದು ಜಗತ್ತಿನಾದ್ಯಂತ ಹೆಸರಾದ ಈ ಆಕ್ಸೆಲ್ ಮನೆಯಲ್ಲಿ ಕಲಿಯಲು ಒಳ್ಳೆಯದು. ಹಿಂದಿನ ಮುಚ್ಚಳದ ಹತ್ತು ಬೋಲ್ಟ್ ಬಿಚ್ಚಿದರೆ ಇಡೀ ಯಂತ್ರ ಕಣ್ಣೆದುರು ತೆರೆದುಕೊಳ್ಳುತ್ತದೆ.

ಪ್ರೊಪೆಲರ್ ಶಾಫ್ಟಿನಿಂದ ಬರುವ ಶಕ್ತಿ ಮೊದಲು ಮುಟ್ಟುವುದು ಪಿನಿಯನ್ ಎಂಬ ಸಣ್ಣ ಗೇರನ್ನು. ಅದು ಕ್ರೌನ್ ಎಂಬ ದೊಡ್ಡ ಗೇರನ್ನು ತಿರುಗಿಸುತ್ತದೆ. ಈ ಜೀಪುಗಳಲ್ಲಿ ಹೆಚ್ಚಾಗಿ ಕಾಣುವ ಜೋಡಿಯಲ್ಲಿ ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 43. ಅಂದರೆ ಶಾಫ್ಟು 5.38 ಸುತ್ತು ಹಾಕಿದರೆ ಚಕ್ರ ಒಂದು ಸುತ್ತು. 8 ಮತ್ತು 43ಕ್ಕೆ ಸಾಮಾನ್ಯ ಅಪವರ್ತನ ಇಲ್ಲ. ಹಾಗಾಗಿ ಪಿನಿಯನ್ನಿನ ಪ್ರತಿ ಹಲ್ಲೂ ಕ್ರೌನಿನ ಪ್ರತಿ ಹಲ್ಲನ್ನೂ ಸರದಿಯಂತೆ ಮುಟ್ಟಿ ಸವೆತ ಎಲ್ಲೆಡೆ ಒಂದೇ ಸಮ ಹಂಚಿಹೋಗುತ್ತದೆ. ಕಾರ್ಖಾನೆಯಲ್ಲಿ ಇವೆರಡನ್ನೂ ಒಟ್ಟಿಗೆ ಉಜ್ಜಿ ಹೊಂದಿಸಿ, ಎರಡರ ಮೇಲೂ ಒಂದೇ ನಂಬರ್ ಕೊರೆಯುತ್ತಾರೆ. ಒಂದರ ಹಲ್ಲು ಮುರಿದರೆ ಜೋಡಿಯನ್ನೇ ಬದಲಿಸಬೇಕು.

ಕ್ರೌನನ್ನು ಬೋಲ್ಟ್ ಹಾಕಿ ಬಿಗಿದಿರುವ ಎರಕದ ಪೆಟ್ಟಿಗೆಯೇ ಕೇಸ್. ಅದರೊಳಗೆ ಅಡ್ಡ ಪಿನ್ನಿನ ಮೇಲೆ ಸ್ಟಾರ್ ಪಿನಿಯನ್‌ಗಳು, ಅವಕ್ಕೆ ಹಲ್ಲು ಕೊಟ್ಟು ಎಡಬಲಕ್ಕೆ ಎರಡು ಸೈಡ್ ಗೇರುಗಳು. ನೇರ ರಸ್ತೆಯಲ್ಲಿ ಸ್ಟಾರ್ ಪಿನಿಯನ್‌ಗಳು ತಮ್ಮ ಪಿನ್ನಿನ ಮೇಲೆ ಅಲುಗುವುದೇ ಇಲ್ಲ, ಎಲ್ಲವೂ ಒಂದೇ ಗಟ್ಟಿಯಾಗಿ ಸುತ್ತುತ್ತವೆ. ತಿರುವಿನಲ್ಲಿ ಮಾತ್ರ ಅವು ಹೊರಳಿ ಒಂದು ಬದಿಯಿಂದ ಎಷ್ಟು ವೇಗ ಕಳೆಯುತ್ತವೋ ಅಷ್ಟನ್ನೇ ಇನ್ನೊಂದಕ್ಕೆ ಕೂಡುತ್ತವೆ. ಎರಡು ಚಕ್ರಗಳ ವೇಗದ ಮೊತ್ತ ಯಾವಾಗಲೂ ಕೇಸಿನ ವೇಗದ ಎರಡರಷ್ಟು. 1820ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಗಡಿಯಾರ ತಜ್ಞ ಒನೆಸಿಫೋರ್ ಪೆಕ್ಯೂರ್ ಇದನ್ನು ಉಗಿಗಾಡಿಗೆಂದು ಪೇಟೆಂಟ್ ಮಾಡಿಸಿದ್ದ. ಪೆಟ್ರೋಲ್ ಕಾರು ಹುಟ್ಟಲು ಇನ್ನೂ ಅರ್ಧ ಶತಮಾನ ಇತ್ತು.

ವೇಗವನ್ನು ಹಂಚುವ ಈ ಏರ್ಪಾಡು ಬಲವನ್ನು ಮಾತ್ರ ಎರಡೂ ಕಡೆ ಸಮಸಮವಾಗಿಯೇ ಕೊಡುತ್ತದೆ. ಕೆಸರಿನಲ್ಲಿ ಒಂದು ಚಕ್ರ ಹಿಡಿತ ತಪ್ಪಿ ಗಿರಗಿರನೆ ಸುತ್ತುವಾಗ ಗಟ್ಟಿ ನೆಲದ ಮೇಲಿರುವ ಇನ್ನೊಂದು ಸುಮ್ಮನೆ ನಿಲ್ಲುವುದು ಇದೇ ಕಾರಣಕ್ಕೆ. ಜಾರುವ ಚಕ್ರಕ್ಕೆ ಬೇಕಾಗುವ ಅಲ್ಪ ಬಲದಷ್ಟೇ ಅದಕ್ಕೂ ಸಿಗುತ್ತದೆ. ಇದು ಕೆಟ್ಟುಹೋದ ಲಕ್ಷಣವಲ್ಲ, ವಿನ್ಯಾಸವೇ ಹಾಗೆ. ಇದನ್ನು ಸರಿಪಡಿಸಲೆಂದು ಯಾರೂ ಡಿಫರೆನ್ಷಿಯಲ್ ಬಿಚ್ಚಬೇಕಿಲ್ಲ.

ಸದ್ದಿಗೆ ಕಿವಿಗೊಡಿ

ಹಾಗಾದರೆ ಬಿಚ್ಚುವುದು ಯಾವಾಗ? ಹೆಚ್ಚಿನ ಸುಳಿವು ಸದ್ದಿನಲ್ಲೇ ಇದೆ. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಊಳು, ಬಿಟ್ಟಾಗ ಇಲ್ಲ. ಅಥವಾ ಬಿಟ್ಟಾಗ ಊಳು, ಒತ್ತಿದಾಗ ಇಲ್ಲ. ಹೀಗಿದ್ದರೆ ಕ್ರೌನ್ ಮತ್ತು ಪಿನಿಯನ್ ಹಲ್ಲುಗಳ ಹೊಂದಾಣಿಕೆಯನ್ನು ಅನುಮಾನಿಸಬೇಕು. ಒತ್ತಿದರೂ ಬಿಟ್ಟರೂ ಬದಲಾಗದೆ ವೇಗದ ಜೊತೆಗೆ ಏರುವ ಗೊರಗೊರ ಬೇರಿಂಗಿನದು. ತಿರುವಿನಲ್ಲಷ್ಟೇ ಕಟಕಟ ಎಂದರೆ ಸ್ಟಾರ್ ಪಿನಿಯನ್, ಸೈಡ್ ಗೇರುಗಳ ತೊಂದರೆ. ಕ್ಲಚ್ ಬಿಟ್ಟಾಗ ಒಮ್ಮೆ 'ಟಣ್' ಎಂದರೆ ಎಲ್ಲೋ ಪ್ಲೇ, ಅಂದರೆ ಭಾಗಗಳ ನಡುವಿನ ಸಡಿಲ, ಹೆಚ್ಚಾಗಿದೆ. ಆದರೆ ಅದು ಪ್ರೊಪೆಲರ್ ಶಾಫ್ಟಿನ ಯೂ-ಜಾಯಿಂಟಿನ ಪ್ಲೇ ಇರುವ ಸಾಧ್ಯತೆಯೇ ಹೆಚ್ಚು, ಮೊದಲು ಅದನ್ನು ನೋಡಿ.

ಟೈರು ಕೂಡ ಊಳಿಡುತ್ತದೆ. ನುಣುಪಾದ ಡಾಂಬರಿನಿಂದ ಒರಟು ರಸ್ತೆಗೆ ಇಳಿದಾಗ ಸದ್ದಿನ ಧಾಟಿ ಬದಲಾದರೆ ಅಪರಾಧಿ ಟೈರು. ಗಾಡಿಯನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ವಾಲಿಸಿದಾಗ ಸದ್ದು ಏರಿಳಿದರೆ ಚಕ್ರದ ಬೇರಿಂಗ್.

ಎರಡನೆಯ ಸಾಕ್ಷಿ ಎಣ್ಣೆ. ಡ್ರೈನ್ ಮಾಡಿದ ಎಣ್ಣೆಯಲ್ಲಿ ಬೂದು ಬಣ್ಣದ ನುಣ್ಣನೆ ಪುಡಿ ಇರುವುದು ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರುಗಳಿದ್ದರೆ ಮುಚ್ಚಳ ತೆಗೆಯಲೇಬೇಕು. ಎಣ್ಣೆ ಬೆಳ್ಳಗೆ ಮಬ್ಬಾಗಿದ್ದರೆ ನೀರು ಸೇರಿದೆ. ಮಲೆನಾಡಿನ ಗಾಡಿಗಳಲ್ಲಿ ಇದು ಮಾಮೂಲು, ಮತ್ತು ಇದರ ಮೂಲ ಬಹಳ ಸಲ ಆಕ್ಸೆಲ್ಲಿನ ಮೇಲಿರುವ ಪುಟ್ಟ ಬ್ರೀದರ್. ಏರು ಹತ್ತಿ ಬಿಸಿಯಾದ ಆಕ್ಸೆಲ್ ಹಳ್ಳದ ನೀರಿಗಿಳಿದ ಕೂಡಲೇ ತಣ್ಣಗಾಗಿ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ಕೆಸರು ಕಟ್ಟಿಕೊಂಡಿದ್ದರೆ ಹೊರಗಿನ ಗಾಳಿ ಬರಲು ದಾರಿಯಿಲ್ಲದೆ ಆಯಿಲ್ ಸೀಲಿನ ಅಂಚಿನಿಂದ ನೀರೇ ಒಳಕ್ಕೆ ಹೀರಿಕೊಳ್ಳುತ್ತದೆ. ಆ ನೀರಿನ ತುಕ್ಕು ಮೊದಲು ತಿನ್ನುವುದು ಬೇರಿಂಗನ್ನು.

ಬಿಚ್ಚುವುದು: ಬರೆಯುವ ಕೆಲಸ

ಕೆಲಸಕ್ಕೆ ಇಳಿಯುವ ಮುನ್ನ ಒಂದು ಎಚ್ಚರಿಕೆ. ಹಳೆಯ ಜೀಪುಗಳ ಹ್ಯಾಂಡ್‌ಬ್ರೇಕು ಚಕ್ರಗಳನ್ನು ಹಿಡಿಯುವುದಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಪ್ರೊಪೆಲರ್ ಶಾಫ್ಟನ್ನು ಹಿಡಿಯುತ್ತದೆ. ಒಂದು ಹಿಂಚಕ್ರವನ್ನು ಜಾಕಿಯಿಂದ ಎತ್ತಿದಿರೋ, ಡಿಫರೆನ್ಷಿಯಲ್ ತನ್ನ ಕೆಲಸ ಮಾಡುತ್ತದೆ: ಎತ್ತಿದ ಚಕ್ರ ಹಿಂದಕ್ಕೆ ತಿರುಗಿ, ನೆಲದ ಮೇಲಿನ ಚಕ್ರ ಮುಂದಕ್ಕೆ ಉರುಳಿ ಗಾಡಿ ಜಾಕಿಯಿಂದ ಜಾರುತ್ತದೆ. ಆದ್ದರಿಂದ ಮುಂಚಕ್ರಗಳಿಗೆ ಹಿಂದೆ ಮುಂದೆ ಭದ್ರವಾಗಿ ಕಟ್ಟೆ ಕೊಟ್ಟು, ಚಾಸಿಯ ಕೆಳಗೆ ಸ್ಟ್ಯಾಂಡ್‌ಗಳನ್ನೇ ಇಡಬೇಕು. ಇಟ್ಟಿಗೆ, ಸಿಮೆಂಟ್ ಬ್ಲಾಕು ಬೇಡ, ಅವು ಮುನ್ಸೂಚನೆಯಿಲ್ಲದೆ ಒಡೆಯುತ್ತವೆ.

ಎರಡೂ ಹಿಂಚಕ್ರ ಗಾಳಿಯಲ್ಲಿರುವಾಗ ಅನುಪಾತವನ್ನು ಖಚಿತ ಮಾಡಿಕೊಳ್ಳಬಹುದು. ಗೇರನ್ನು ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕ್ ಬಿಟ್ಟು, ಒಂದು ಚಕ್ರವನ್ನು ಹಿಡಿದು ಇನ್ನೊಂದನ್ನು ಎರಡು ಪೂರ್ತಿ ಸುತ್ತು ತಿರುಗಿಸಿ. ಶಾಫ್ಟು ಎಷ್ಟು ಸುತ್ತಿತೋ ಅದೇ ನಿಮ್ಮ ಅನುಪಾತ. ಹೊಸ ಜೋಡಿ ಕೊಳ್ಳುವವರಿಗೆ ಇದು ಮುಖ್ಯ. ಫೋರ್‌ವ್ಹೀಲ್ ಗಾಡಿಯಲ್ಲಿ ಮುಂದಿನ ಆಕ್ಸೆಲ್ಲಿನ ಅನುಪಾತ ಒಂದು, ಹಿಂದಿನದು ಇನ್ನೊಂದು ಆದರೆ ಫೋರ್‌ವ್ಹೀಲ್ ಹಾಕಿದ ಕೂಡಲೇ ಎರಡೂ ಜಗಳಕ್ಕೆ ಬೀಳುತ್ತವೆ.

ಮೊನಚಾದ ಟೇಪರ್ ಶಾಫ್ಟಿಗೆ ಕಚ್ಚಿಕೊಂಡಿರುವ ಹಿಂದಿನ ಹಬ್ಬು ಗಟ್ಟಿ ಪುಲ್ಲರ್ ಇಲ್ಲದೆ ಬಿಡುವುದಿಲ್ಲ. ಸುತ್ತಿಗೆಯಿಂದ ಬಡಿದರೆ ಶಾಫ್ಟಿನ ಥ್ರೆಡ್ ಹಾಳು. ಪುಲ್ಲರನ್ನು ಬಾಡಿಗೆಗೆ ತಂದರೂ ಸಾಕು. ಶಾಫ್ಟುಗಳು ಹೊರಬಂದ ಮೇಲೆ ಮುಚ್ಚಳ ತೆಗೆದು, ಇನ್ನೇನನ್ನೂ ಮುಟ್ಟುವ ಮೊದಲು, ಡಯಲ್ ಗೇಜನ್ನು ಕ್ರೌನಿನ ಹಲ್ಲಿಗೆ ತಾಗಿಸಿ ಈಗಿರುವ ಪ್ಲೇ ಎಷ್ಟೆಂದು ಬರೆದುಕೊಳ್ಳಿ. ಹಲ್ಲುಗಳಿಗೆ ಬಣ್ಣ ಹಚ್ಚಿ ತಿರುಗಿಸಿ ಗುರುತಿನ ಫೋಟೋ ತೆಗೆಯಿರಿ. ಮುಂದೆ ದಾರಿ ತಪ್ಪಿದರೆ ಹಿಂದಿರುಗಲು ಇರುವ ಆಧಾರ ಇದೊಂದೇ.

ಕೇಸನ್ನು ಹಿಡಿದಿರುವ ಎರಡು ಬೇರಿಂಗ್ ಕ್ಯಾಪುಗಳ ಮೇಲೆ, ಅವು ಕೂರುವ ಹೌಸಿಂಗ್ ಮೇಲೆ ಅಕ್ಷರ ಗುದ್ದಿರುತ್ತಾರೆ. ಒಂದು ಬದಿಯದು ನೆಟ್ಟಗೆ, ಇನ್ನೊಂದು ಬದಿಯದು ಅಡ್ಡಡ್ಡ. ಕ್ಯಾಪನ್ನು ಹೌಸಿಂಗಿಗೆ ಬಿಗಿದಿಟ್ಟೇ ಕೊರೆದದ್ದರಿಂದ ಎಡದ್ದು ಬಲಕ್ಕೆ ಹೋಗುವಂತಿಲ್ಲ, ತಲೆಕೆಳಗೂ ಆಗುವಂತಿಲ್ಲ. ಗುರುತು ಮಾಸಿದ್ದರೆ ಸೆಂಟರ್ ಪಂಚಿನಿಂದ ನೀವೇ ಹಾಕಿಕೊಳ್ಳಿ. ಹೊರಬಂದ ಪ್ರತಿ ಶಿಮ್, ಅಂದರೆ ಬೇರಿಂಗಿನ ಹಿಂದೆ ಕೂರುವ ತೆಳ್ಳನೆಯ ಉಕ್ಕಿನ ಬಳೆಯನ್ನು, ಯಾವ ಜಾಗದ್ದೆಂದು ಬರೆದ ಬೇರೆಬೇರೆ ಚೀಟಿಗಳೊಡನೆ ಇಟ್ಟು, ಮೈಕ್ರೋಮೀಟರಿನಲ್ಲಿ ಅಳೆದು ನೋಟ್‌ಬುಕ್ಕಿಗೆ ಏರಿಸಿ. ಶಿಮ್ಮುಗಳನ್ನು ಒಂದೇ ಡಬ್ಬಿಗೆ ಸುರಿದವನ ಕೆಲಸ ಎರಡು ಪಟ್ಟಾಗುತ್ತದೆ.

ಅಳತೆಗಳ ಸರದಿ

ಜೋಡಿಸುವಾಗ ನಾಲ್ಕು ಅಳತೆ ಹೊಂದಬೇಕು, ಅದೂ ಸರದಿಯಲ್ಲಿ.

ಮೊದಲನೆಯದು ಪಿನಿಯನ್ನಿನ ಆಳ. ಅದು ಕ್ರೌನಿನ ಕಡೆಗೆ ಎಷ್ಟು ಮುಂದೆ ಬಂದು ಕೂರಬೇಕೆಂಬುದನ್ನು ಒಳಬದಿಯ ಬೇರಿಂಗ್ ಕಪ್ಪಿನ ಹಿಂದಿನ ಶಿಮ್ ನಿರ್ಧರಿಸುತ್ತದೆ. ಪಿನಿಯನ್ನಿನ ತಲೆಯ ಮೇಲೆ +2, 0, -3 ಎಂಬಂಥ ಸಂಖ್ಯೆ ಕೊರೆದಿರುತ್ತದೆ. ಆದರ್ಶ ಅಳತೆಯಿಂದ ಆ ಪಿನಿಯನ್ ಇಂಚಿನ ಎಷ್ಟು ಸಾವಿರಾಂಶ ಆಚೀಚೆ ಎಂಬುದರ ಲೆಕ್ಕ ಅದು. ಹಳೆಯದು +2, ಹೊಸದು -3 ಇದ್ದರೆ ಹಳೆಯ ಶಿಮ್ಮಿಗೆ ಇಂಚಿನ 5 ಸಾವಿರಾಂಶ, ಅಂದರೆ 0.13 ಮಿ.ಮೀ. ಸೇರಿಸಬೇಕು. ಲೆಕ್ಕ ಶುರುವಾಗುವುದು ಹಳೆಯ ಶಿಮ್ಮಿನ ದಪ್ಪದಿಂದ. ಅದನ್ನು ಬರೆದಿಟ್ಟುಕೊಳ್ಳದವರಿಗೆ ಈ ಸಂಖ್ಯೆಯಿಂದ ಉಪಯೋಗವಿಲ್ಲ.

ಎರಡನೆಯದು ಪಿನಿಯನ್ ಬೇರಿಂಗುಗಳ ಪ್ರಿಲೋಡ್, ಅಂದರೆ ಜೋಡಿಸುವಾಗಲೇ ಕೊಟ್ಟಿಡುವ ಬಿಗಿ. ಇಲ್ಲಿರುವುದು ಟೇಪರ್ ರೋಲರ್ ಬೇರಿಂಗ್. ಹೆನ್ರಿ ಟಿಮ್ಕೆನ್ 1898ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಈ ಬೇರಿಂಗ್ ಮೇಲಿನ ಭಾರದ ಜೊತೆ ಪಕ್ಕದ ತಳ್ಳಾಟವನ್ನೂ ತಡೆಯುತ್ತದೆ, ಆದರೆ ಸರಿಯಾದ ಬಿಗಿಯಲ್ಲಿ ಮಾತ್ರ. ಸಡಿಲವಾದರೆ ಪಿನಿಯನ್ ಭಾರಕ್ಕೆ ಹಿಂದೆ ಸರಿದು ಹಲ್ಲುಗಳ ಹೊಂದಾಣಿಕೆ ತಪ್ಪುತ್ತದೆ, ಅತಿಯಾದರೆ ಬೇರಿಂಗ್ ಕಾಯ್ದು ನೀಲಿಗಟ್ಟುತ್ತದೆ. ಅಳೆಯುವುದಕ್ಕೆ ಮನೆಯಲ್ಲೊಂದು ದಾರಿಯಿದೆ. ಪಿನಿಯನ್ನಿನ ಫ್ಲ್ಯಾಂಜಿಗೆ ಗಟ್ಟಿ ದಾರ ಸುತ್ತಿ ಸ್ಪ್ರಿಂಗ್ ತಕ್ಕಡಿಯಿಂದ ಎಳೆಯಿರಿ. ತ್ರಿಜ್ಯ 4 ಸೆಂ.ಮೀ. ಇದ್ದು, ತಕ್ಕಡಿ ಏಳೂವರೆ ಕಿಲೋ ತೋರಿಸಿದರೆ ತಿರುಗುಬಲ ಸುಮಾರು 3 ನ್ಯೂಟನ್ ಮೀಟರ್. ಹೊಸ ಬೇರಿಂಗಿಗೆ ಅದು ಒಪ್ಪುವ ಅಳತೆ. ಸೀಲು ಹಾಕುವ ಮೊದಲು ಅಳೆಯಬೇಕು. ಶಾಫ್ಟು ಕದಲುವ ಕ್ಷಣದ ಅಂಕಿಯನ್ನು ಬಿಟ್ಟು, ಒಂದೇ ಸಮ ತಿರುಗುತ್ತಿರುವಾಗಿನ ಅಂಕಿಯನ್ನು ಹಿಡಿಯಬೇಕು.

ಪಿನಿಯನ್ ನಟ್ಟನ್ನು ಪೂರ್ತಿ ಬಿಗಿದ ಮೇಲಷ್ಟೇ ಈ ಅಳತೆಗೆ ಅರ್ಥ. ಈ ಆಕ್ಸೆಲ್ಲಿನಲ್ಲಿ ಆ ಬಿಗಿ 270ರಿಂದ 300 ನ್ಯೂಟನ್ ಮೀಟರ್ ಆಸುಪಾಸು. ಅಂದರೆ 60 ಕಿಲೋ ತೂಕದ ವ್ಯಕ್ತಿ ಅರ್ಧ ಮೀಟರ್ ಉದ್ದದ ಹಿಡಿಯ ತುದಿಗೆ ತನ್ನ ಪೂರ್ತಿ ಭಾರ ಹಾಕಿದಷ್ಟು. ಫ್ಲ್ಯಾಂಜು ತಿರುಗದಂತೆ ಹಿಡಿಯಲು ಉದ್ದದ ಕಬ್ಬಿಣದ ಪಟ್ಟಿಗೆ ತೂತು ಕೊರೆದು ಬೋಲ್ಟ್ ಹಾಕಿಕೊಂಡರಾಯಿತು. ಹಳೆಯ ಸ್ಪೈಸರ್ ಆಕ್ಸೆಲ್‌ನಲ್ಲಿ ಬಿಗಿ ಹೆಚ್ಚಾದರೆ ಶಿಮ್ ಸೇರಿಸಿ ಮತ್ತೆ ನೋಡಬಹುದು. ಮುಂದೆ ಬಂದ ಎಷ್ಟೋ ಕಾರುಗಳಲ್ಲಿ ಶಿಮ್ಮಿನ ಬದಲು ಒತ್ತಡಕ್ಕೆ ಕುಸಿಯುವ ಕೊಳವೆ ಇರುತ್ತದೆ. ಅದರಲ್ಲಿ ಒಮ್ಮೆ ಬಿಗಿ ಮೀರಿದರೆ ನಟ್ಟು ಸಡಿಲಿಸಿ ಪ್ರಯೋಜನವಿಲ್ಲ, ಹೊಸ ಕೊಳವೆಯೇ ಬೇಕು.

ಮೂರನೆಯದು ಬ್ಯಾಕ್‌ಲ್ಯಾಶ್. ಗ್ಯಾರೇಜಿನ ಮಾತಿನಲ್ಲಿ ಪ್ಲೇ. ಪಿನಿಯನ್ನನ್ನು ಅಲುಗದಂತೆ ಹಿಡಿದಾಗ ಕ್ರೌನ್ ಎಷ್ಟು ಆಚೀಚೆ ಆಡುತ್ತದೆ ಎಂಬುದು. ಸಾಮಾನ್ಯವಾಗಿ 0.13ರಿಂದ 0.20 ಮಿ.ಮೀ. ಇರಬೇಕು. ತಲೆಗೂದಲು ಸುಮಾರು 0.07 ಮಿ.ಮೀ. ದಪ್ಪ. ಅಂದರೆ ಎರಡು ಕೂದಲಿನಿಂದ ಮೂರು ಕೂದಲಿನಷ್ಟು ಜಾಗ. ಕಡಿಮೆಯಾದರೆ ಹಲ್ಲುಗಳ ನಡುವೆ ಎಣ್ಣೆಗೆ ಎಡೆಯಿಲ್ಲ, ಹೆಚ್ಚಾದರೆ ಪ್ರತಿ ಗೇರು ಬದಲಾವಣೆಗೂ ಹೊಡೆತ. ಹೊಂದಿಸುವುದು ಕೇಸಿನ ಎಡಬಲ ಶಿಮ್ಮುಗಳಿಂದ. ಒಂದು ಕಡೆ ತೆಗೆದದ್ದನ್ನು ಇನ್ನೊಂದು ಕಡೆ ಹಾಕಿದರೆ ಕ್ರೌನ್ ಪಕ್ಕಕ್ಕೆ ಸರಿಯುತ್ತದೆ. 0.10 ಮಿ.ಮೀ. ಸರಿಸಿದರೆ ಪ್ಲೇ ಸುಮಾರು 0.07 ಮಿ.ಮೀ. ಬದಲಾಗುತ್ತದೆ. ಒಂದೇ ಕಡೆ ಅಳೆದು ನಿಲ್ಲಿಸಬೇಡಿ, ಸುತ್ತಲೂ ನಾಲ್ಕು ಕಡೆ ಅಳೆಯಿರಿ. ಅಂಕಿಗಳು ಬಹಳ ಏರುಪೇರಾದರೆ ಕ್ರೌನ್ ಓರೆಯಾಗಿ ಕೂತಿದೆ, ಕೆಳಗೆಲ್ಲೋ ಕಸ ಸಿಕ್ಕಿರಬೇಕು.

ತೊಂದರೆಯೆಂದರೆ ಈ ಶಿಮ್ಮುಗಳು ಬೇರಿಂಗಿನ ಅಡಿಯಲ್ಲಿರುತ್ತವೆ. ಪ್ರತಿ ಬದಲಾವಣೆಗೂ ಪ್ರೆಸ್ ಮಾಡಿ ಕೂರಿಸಿದ ಬೇರಿಂಗನ್ನು ಕಿತ್ತರೆ ಹೊಸದೂ ಹಾಳು. ಇದಕ್ಕೊಂದು ಉಪಾಯವಿದೆ. ಹಳೆಯ ಬೇರಿಂಗಿನ ಒಳರಂಧ್ರವನ್ನು ಕೈಯಿಂದ ಜಾರಿ ಕೂರುವಷ್ಟು ಉಜ್ಜಿ ಹಿಗ್ಗಿಸಿಕೊಂಡು, ಅಳತೆಗಳೆಲ್ಲ ಅದರಲ್ಲೇ ಮುಗಿಯುವವರೆಗೆ ಬಳಸಿ. ಹೊಸ ಬೇರಿಂಗು ಕೊನೆಯಲ್ಲಿ ಒಮ್ಮೆ ಮಾತ್ರ ಕೂರಲಿ. ಅದನ್ನು ಸುಮಾರು 100 ಡಿಗ್ರಿಗೆ ಬಿಸಿ ಮಾಡಿದರೆ ಬಡಿಯದೆಯೇ ಜಾಗಕ್ಕೆ ಇಳಿಯುತ್ತದೆ.

ನಾಲ್ಕನೆಯದು ಕೇಸಿನ ಬೇರಿಂಗುಗಳ ಪ್ರಿಲೋಡ್. ಪ್ಲೇ ಸರಿಹೋದ ಮೇಲೆ, ಆ ಮಾದರಿಯ ಕೈಪಿಡಿ ಹೇಳಿದಷ್ಟು ಶಿಮ್ ಹೆಚ್ಚಿಗೆ ಸೇರಿಸಿ ಕೇಸನ್ನು ಬಿಗಿಯಾಗಿ ಕೂರಿಸಬೇಕು. ಕಂಪನಿಯ ವರ್ಕ್‌ಶಾಪಿನಲ್ಲಿ ಹೌಸಿಂಗನ್ನು ತುಸುವೇ ಅಗಲಿಸುವ ಸಾಧನ ಇರುತ್ತದೆ. ಅರ್ಧ ಮಿಲಿಮೀಟರಿಗಿಂತ ಹೆಚ್ಚು ಅಗಲಿಸಿದರೆ ಎರಕ ಮತ್ತೆ ಮೊದಲಿನ ಆಕಾರಕ್ಕೆ ಬರುವುದಿಲ್ಲ. ಮನೆಯಲ್ಲಿ ಕೇಸನ್ನು ನೆಟ್ಟಗೆ ಹಿಡಿದು ಮೆದು ಸುತ್ತಿಗೆಯಿಂದ ಎರಡೂ ಕಡೆ ಸಮನಾಗಿ ತಟ್ಟುತ್ತಾ ಇಳಿಸುವುದು ರೂಢಿ. ಇಬ್ಬರಿದ್ದರೆ ಒಳ್ಳೆಯದು, ಅದರ ಭಾರ ಬೆರಳು ಜಜ್ಜುವಂಥದ್ದು.

ಬಣ್ಣ ಕೊಡುವ ತೀರ್ಪು

ಅಂಕಿಗಳೆಲ್ಲ ಸರಿ ಬಂದರೂ ಕೊನೆಯ ಮಾತು ಹಲ್ಲುಗಳದ್ದು. ಕ್ರೌನಿನ ಮೂರು ನಾಲ್ಕು ಹಲ್ಲಿಗೆ ಗುರುತಿನ ಬಣ್ಣವನ್ನು ತೆಳ್ಳಗೆ ಹಚ್ಚಿ, ಕ್ರೌನಿಗೆ ಮರದ ತುಂಡೊತ್ತಿ ತಡೆ ಕೊಡುತ್ತಾ ಪಿನಿಯನ್ನನ್ನು ಎರಡೂ ದಿಕ್ಕಿಗೆ ತಿರುಗಿಸಬೇಕು. ಬಣ್ಣ ಒರೆಸಿಹೋದ ಜಾಗವೇ ಹಲ್ಲು ಹಲ್ಲನ್ನು ಮುಟ್ಟಿದ ಜಾಗ. ಅದು ಹಲ್ಲಿನ ಎತ್ತರದ ನಡುವೆ ಮೊಟ್ಟೆಯಾಕಾರದಲ್ಲಿ ಇದ್ದು, ಯಾವ ಅಂಚಿಗೂ ತಾಗದಿದ್ದರೆ ಸರಿ.

ಗುರುತು ಹಲ್ಲಿನ ಬುಡಕ್ಕೆ ಇಳಿದಿದ್ದರೆ ಪಿನಿಯನ್ ಅತಿಯಾಗಿ ಮುಂದಿದೆ, ಶಿಮ್ ಕಡಿಮೆ ಮಾಡಿ. ತುದಿಗೆ ಏರಿದ್ದರೆ ಪಿನಿಯನ್ ಹಿಂದಿದೆ, ಶಿಮ್ ಹೆಚ್ಚಿಸಿ. ಪ್ಲೇ ಬದಲಿಸಿದಾಗ ಗುರುತು ಹೆಚ್ಚಾಗಿ ಹಲ್ಲಿನ ಉದ್ದಕ್ಕೆ, ಒಳತುದಿಗೋ ಹೊರತುದಿಗೋ ಸರಿಯುತ್ತದೆ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪ್ರತಿ ಸಲವೂ ಬರೆದಿಡಿ. ದಿನಗೂಲಿಯ ಗ್ಯಾರೇಜಿನಲ್ಲಿ ಈ ಸುತ್ತನ್ನು ಮತ್ತೆ ಮತ್ತೆ ಹಾಕಲು ಪುರುಸೊತ್ತು ಸಿಗುವುದು ಕಷ್ಟ. ಮನೆಯಲ್ಲಿ ಕೆಲಸ ಮಾಡುವವನಿಗಿರುವ ಒಂದೇ ಅನುಕೂಲ ಅದು.

ಓಡಿದ ಹಳೆಯ ಜೋಡಿಯನ್ನೇ ಮತ್ತೆ ಹಾಕುವುದಾದರೆ ಅದು ಸವೆದು ಒಗ್ಗಿಕೊಂಡಿರುವ ಹಳೆಯ ಗುರುತಿಗೇ ಮರಳಿಸಬೇಕು. ಪುಸ್ತಕದ ಆದರ್ಶಕ್ಕೆ ಎಳೆದರೆ ಸವೆಯದ ಜಾಗ ಸವೆದ ಜಾಗವನ್ನು ಮುಟ್ಟಿ ಸದ್ದು ಶುರುವಾಗುತ್ತದೆ. ಆರಂಭದಲ್ಲೇ ತೆಗೆದ ಫೋಟೋ ನೆರವಿಗೆ ಬರುವುದು ಇಲ್ಲಿ.

ಎಣ್ಣೆ ಯಾಕೆ ಬೇರೆ

ಇಲ್ಲಿನ ಪಿನಿಯನ್ ಕ್ರೌನಿನ ನಡುಮಧ್ಯಕ್ಕೆ ನೇರವಾಗಿಲ್ಲ, ಸ್ವಲ್ಪ ಕೆಳಗಿದೆ. ಹೈಪಾಯ್ಡ್ ಎನ್ನುವ ಈ ಗೇರನ್ನು ಅಮೆರಿಕದ ಗ್ಲೀಸನ್ ಕಂಪನಿ ರೂಪಿಸಿತು. 1920ರ ದಶಕದ ಉತ್ತರಾರ್ಧದಲ್ಲಿ ಪ್ಯಾಕಾರ್ಡ್ ಕಾರುಗಳು ಅದನ್ನು ಅಳವಡಿಸಿಕೊಂಡವು. ಪ್ರೊಪೆಲರ್ ಶಾಫ್ಟು ತಗ್ಗಿದ್ದರಿಂದ ಕಾರಿನ ನೆಲವೂ ತಗ್ಗಿತು. ಆದರೆ ಇದರ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಜಾರುತ್ತವೆ. ಆ ಒತ್ತಡಕ್ಕೆ ಮಾಮೂಲಿ ಎಣ್ಣೆಯ ಪೊರೆ ಹರಿದುಹೋಗುತ್ತದೆ. ಗಂಧಕ, ರಂಜಕ ಬೆರೆತ ಜಿಎಲ್-5 ದರ್ಜೆಯ ಗೇರ್ ಆಯಿಲ್ ಬೇಕಾಗುವುದು ಅದಕ್ಕೆ. ಡಬ್ಬಿ ತೆರೆದಾಗ ಮೂಗಿಗೆ ಬಡಿಯುವ ನಾತ ಆ ಗಂಧಕದ್ದೇ. ಹಾಗೆಂದು ಅದನ್ನೇ ಹಳೆಯ ಗೇರ್‌ಬಾಕ್ಸಿಗೂ ಸುರಿಯಬಾರದು. ಅಲ್ಲಿನ ಹಿತ್ತಾಳೆ, ಕಂಚಿನ ಭಾಗಗಳನ್ನು ಅದು ತಿನ್ನಬಹುದು.

ಸುಮಾರು 1.2 ಲೀಟರ್ ಎಣ್ಣೆ ಹಿಡಿಯುತ್ತದೆ. ಲೆವೆಲ್ ಪ್ಲಗ್ಗಿನ ಅಂಚಿಗೆ ಬಂದರೆ ಸಾಕು. ಹೊಸ ಜೋಡಿ ಹಾಕಿದ್ದರೆ ಮೊದಲ ಕೆಲವು ಓಟ ಚಿಕ್ಕದಾಗಿರಲಿ, ನಡುವೆ ಆಕ್ಸೆಲ್ ತಣಿಯಲಿ, ಟ್ರೇಲರ್ ಎಳೆಯುವುದು ಬೇಡ. ಸುಮಾರು 800 ಕಿಲೋಮೀಟರ್ ಆದ ಮೇಲೆ ಆ ಎಣ್ಣೆಯನ್ನು ತೆಗೆದು ಹೊಸದು ಹಾಕಿ. ಉಜ್ಜಿ ಒಗ್ಗಿಕೊಳ್ಳುವಾಗ ಬಿದ್ದ ಪುಡಿಯೆಲ್ಲ ಅದರ ಜೊತೆ ಹೊರಹೋಗುತ್ತದೆ.

ಯಾರು ಬಿಚ್ಚಬೇಕು?

ಸದ್ದಿಲ್ಲ, ಎಣ್ಣೆಯಲ್ಲಿ ಚೂರುಗಳಿಲ್ಲ ಎಂದಾದರೆ ಯಾರೂ ಬಿಚ್ಚಬಾರದು. ಎಣ್ಣೆ ಬದಲಿಸಿ, ಬ್ರೀದರ್ ಶುಚಿ ಮಾಡಿ, ಹಾಗೆಯೇ ಬಿಡಿ. ಬಿಚ್ಚಲೇಬೇಕಾಗಿ ಬಂದರೆ ಡಯಲ್ ಗೇಜು, ಮೈಕ್ರೋಮೀಟರು, ನಿಮ್ಮ ಮಾದರಿಯ ಕೈಪಿಡಿ ಈ ಮೂರು ಕೈಯಲ್ಲಿರಬೇಕು. ಬೇರಿಂಗ್, ಸೀಲು, ಶಿಮ್ಮಿಗೆ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಗಳಿವೆ. ಪ್ರೆಸ್ ಬೇಕಾದ ಕೆಲಸವನ್ನು ಹತ್ತಿರದ ಲೇತ್ ಅಂಗಡಿಗೆ ಒಯ್ದರಾಯಿತು. ಹೌಸಿಂಗಿಗೆ ಬಿರುಕು ಬಿಟ್ಟಿದ್ದರೆ, ಆಕ್ಸೆಲ್ಲಿನ ಕೊಳವೆ ಬಾಗಿದ್ದರೆ ಮನೆಯ ಕೆಲಸ ಅಲ್ಲಿಗೆ ನಿಂತಿತು.

ಸ್ವತಃ ಸ್ಪ್ಯಾನರ್ ಹಿಡಿಯದವರಿಗೂ ಈ ತಿಳಿವಳಿಕೆ ಪ್ರಯೋಜನಕ್ಕೆ ಬರುತ್ತದೆ. ಡಿಫರೆನ್ಷಿಯಲ್ ಕಟ್ಟಿಸಲು ಗಾಡಿ ಬಿಡುವ ಮುನ್ನ ಮೇಸ್ತ್ರಿಯನ್ನು ಒಂದು ಮಾತು ಕೇಳಿ: "ಪ್ಲೇ ಎಷ್ಟಿಡ್ತೀರಿ?" ಅವರು ಒಂದು ಅಂಕಿ ಹೇಳಿ ಗೇಜು ತೆಗೆದು ತೋರಿಸಿದರೆ ನಿಶ್ಚಿಂತೆಯಿಂದ ಬೀಗದ ಕೈ ಕೊಡಿ. "ಕೈಗೇ ಗೊತ್ತಾಗುತ್ತೆ ಸಾರ್" ಎಂದರೆ ಅವರ ಅನುಭವಕ್ಕೆ ಗೌರವ ಕೊಟ್ಟು, ಗೇಜಿರುವ ಇನ್ನೊಬ್ಬರನ್ನು ಹುಡುಕಿ. ಕೈಗೆ ಬಹಳಷ್ಟು ಗೊತ್ತಾಗುತ್ತದೆ ನಿಜ. ಎರಡು ಕೂದಲಿಗೂ ನಾಲ್ಕು ಕೂದಲಿಗೂ ಇರುವ ವ್ಯತ್ಯಾಸಕ್ಕೆ ಮಾತ್ರ ಗೇಜೇ ಬೇಕು.